ಹುಲ್ಲಿನ ಮುಸುವ

ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಹುಡುಗಿಯರಿಗೆ ತರಬೇತಿ ನಡೆಯುತ್ತಿತ್ತು. ನಿವೃತ್ತಳಾಗಿ ಮನೆಯಲ್ಲಿ ಕೂತಿದ್ದ ನನ್ನನ್ನೂ ಕರೆದು ಎರಡು ಮಾತು ಆಡಿ ಎಂದರು. ಎರಡೇ ಮಾತು ಎಂದರೆ ನನಗೆ ಕಷ್ಟ. ನಾನು ಬಾಯಿ ತೆರೆದರೆ ಊಟದ ಹೊತ್ತು ಮೀರುತ್ತದೆ ಎಂದು ನಮ್ಮ ಇಲಾಖೆಯಲ್ಲಿ ಎಲ್ಲರಿಗೂ ಗೊತ್ತು. ಆವತ್ತೂ ಹಾಗೇ ಆಯಿತು. ಅನ್ನ ತಣ್ಣಗಾಗುತ್ತದೆ ಚೇಚೀ, ಅಂದರೆ ಅಕ್ಕಾ, ಎಂದು ನಗುತ್ತಲೇ ಮೈಕ್ ಇಸಿದುಕೊಂಡರು. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಮೈಕೂ ಇಲ್ಲ, ಇಸಿದುಕೊಳ್ಳುವವರೂ ಇಲ್ಲ.

ಆವತ್ತು ರಮ್ಯಾ ಎಂಬ ಹುಡುಗಿ ಎದ್ದು ನಿಂತು ಕೇಳಿದಳು, "ಚೇಚೀ, ಒಂದು ಊರಿಗೆ ಸಾಂಕ್ರಾಮಿಕ ರೋಗ ಬಂದಿದೆ ಅಂತ ಗೊತ್ತಾದ ಕೂಡಲೇ ನಾವು ಮೊದಲು ಏನು ಮಾಡಬೇಕು?"

"ಮೊದಲು ಚಹಾ ಕುಡಿಯಬೇಕು" ಎಂದೆ. ಎಲ್ಲರೂ ಬಿದ್ದುಬಿದ್ದು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಆ ಊರಿನವರ ಮನೆಯಲ್ಲಿ, ಅವರು ಕೊಟ್ಟ ಲೋಟದಲ್ಲಿ ಎಂದು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು.

ನಾನು ಜಯಮ್ಮ. ಜಯಾ ಸಿಸ್ಟರ್ ಎಂದರೆ ಪುಲ್ಪಳ್ಳಿಯ ಸುತ್ತಮುತ್ತ ಈಗಲೂ ಗುರುತು ಹಿಡಿಯುತ್ತಾರೆ. ಹುಟ್ಟಿದ್ದು ಕಬಿನಿ ದಂಡೆಯ ಕೊಳವಳ್ಳಿಯಲ್ಲಿ. ನಮ್ಮ ಅಜ್ಜನ ಕಾಲದವರು ಹೆಗ್ಗಡದೇವನಕೋಟೆ ಕಡೆಯಿಂದ ಹೊಳೆ ದಾಟಿ ಈ ಮಲಯಾಳ ಸೀಮೆಗೆ ಬಂದು ಗದ್ದೆ ಮಾಡಿಕೊಂಡವರು. ಮದುವೆಯಾಗಿ ಸೇರಿದ್ದು ತೃಶ್ಶಿಲೇರಿಗೆ, ಈಗ ಇರುವುದೂ ಅಲ್ಲೇ. ಓದಿದ್ದು, ವರದಿ ಬರೆದದ್ದು, ಮೇಲಿನವರಿಂದ ಬೈಸಿಕೊಂಡದ್ದು ಎಲ್ಲ ಮಲಯಾಳದಲ್ಲಿ. ನೆನಪು ಮಾತ್ರ ಕನ್ನಡದಲ್ಲೇ ಬರುತ್ತದೆ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ರಮ್ಯಾಗೆ ಯಾರಾದರೂ ಓದಿ ಹೇಳಲಿ.

ನನ್ನ ಮೊದಲ ಮೇಲಧಿಕಾರಿ ಪೌಲೋಸ್ ಸಾರ್, ಹೆಲ್ತ್ ಇನ್‌ಸ್ಪೆಕ್ಟರು. ದಪ್ಪ ಮೀಸೆ, ಉದ್ದ ಕೊಡೆ. ಮಳೆ ಇರಲಿ ಬಿಸಿಲಿರಲಿ ಕೊಡೆ ಬಿಡಿಸುತ್ತಿರಲಿಲ್ಲ, ನಾಯಿ ಓಡಿಸಲು ಮಾತ್ರ ಬಳಸುತ್ತಿದ್ದರು. ಕೆಲಸದ ಮೊದಲ ವಾರ ಅವರು ಹೇಳಿಕೊಟ್ಟದ್ದು ಒಂದೇ. "ಜಯಾ, ಮನೆಗೆ ಹೋದ ಕೂಡಲೇ ಯಾರಿಗೆ ಜ್ವರ ಅಂತ ಕೇಳಬೇಡ. ಹಸು ಕರು ಹಾಕಿತಾ ಅಂತ ಕೇಳು. ಜ್ವರದ ವಿಷಯ ಅವರೇ ಹೇಳುತ್ತಾರೆ." ನನಗೆ ನಗು ಬಂದಿತ್ತು. ನರ್ಸಿಂಗ್ ಓದಿ ಬಂದವಳಿಗೆ ಹಸುವಿನ ಪಾಠ ಹೇಳುತ್ತಾರಲ್ಲ ಎನಿಸಿತ್ತು. ಸಂಜೆಯಷ್ಟರಲ್ಲಿ ನಗು ಇಳಿದಿತ್ತು. ನಾನು ಜ್ವರ ಕೇಳಿದ ಮನೆಗಳಲ್ಲೆಲ್ಲ ಎಲ್ಲರೂ ಚೆನ್ನಾಗಿದ್ದರು. ಅವರು ಹಸು ಕೇಳಿದ ಮನೆಗಳಲ್ಲಿ ಮೂಲೆ ಮೂಲೆಯಲ್ಲಿ ಕಂಬಳಿ ಹೊದ್ದವರು ಸಿಕ್ಕಿದರು.

ಇಲಿಜ್ವರದ ಮಾತ್ರೆಯ ಕತೆಯೂ ಇಂಥದ್ದೇ. ಮಳೆಗಾಲದಲ್ಲಿ ಗದ್ದೆ ಕೆಸರಿಗೆ ಇಳಿಯುವವರು ವಾರಕ್ಕೊಮ್ಮೆ ಆ ಮಾತ್ರೆ ನುಂಗಬೇಕು. ನಾಟಿ ಹೆಂಗಸರಿಗೆ ನಾನು ಬೆಳಿಗ್ಗೆ ಬೆಳಿಗ್ಗೆಯೇ ಹೋಗಿ ಹಂಚಿ ಬರುತ್ತಿದ್ದೆ. ಎಲ್ಲರೂ ವಿನಯದಿಂದ ಇಸಿದುಕೊಂಡು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಒಂದು ದಿನ ಗದ್ದೆಯ ಬದುವಿನ ಮೇಲೆ ನನ್ನ ಮಾತ್ರೆಗಳೇ ಮೊಳಕೆ ಬರಲಿ ಎಂಬ ಹಾಗೆ ಬಿದ್ದಿದ್ದವು. ರೇಗಿ ಕೂಗಾಡಿದೆ. ಅವರಲ್ಲಿ ಹಿರಿಯಳೊಬ್ಬಳು ಬೇಜಾರಿಲ್ಲದೆ ಹೇಳಿದಳು, "ಬರೀ ಹೊಟ್ಟೆಗೆ ನುಂಗಿದ್ರೆ ವಾಂತಿ ಬತ್ತದೆ ಸಿಸ್ಟರೇ. ವಾಂತಿ ಮಾಡ್ಕಂಡು ನಾಟಿ ಹಾಕಕ್ಕಾಯ್ತದಾ?" ಮಾರನೆಯ ವಾರದಿಂದ ಅವರು ಗಂಜಿ ಕುಡಿಯುವ ಹೊತ್ತಿಗೆ ಹೋಗಿ, ನಾನೂ ಒಂದು ಚಿಪ್ಪು ಗಂಜಿ ಕುಡಿದು, ಕಣ್ಣೆದುರೇ ನುಂಗಿಸತೊಡಗಿದೆ. ಆ ಗಂಜಿಯ ರುಚಿ ಇನ್ನೂ ನಾಲಿಗೆಯ ಮೇಲಿದೆ. ಆ ಹೆಂಗಸರಿಗೆ ನಾನು ಋಣಿ.

ಆಮೇಲೆ ಕೆಲವು ವರ್ಷ ಪೊನ್ಕುಳಿ ಕಡೆಯ ಕಾಡಿನೊಳಗಿನ ಆದಿವಾಸಿ ಕಾಲೊನಿಗಳಲ್ಲಿ ಕೆಲಸ. ಕಾಡುನಾಯ್ಕರ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ನಾನು ಬಾಯಿಬಿಟ್ಟರೆ ಸಾಕು, ಮರದ ಹಿಂದೆ ಅವಿತ ಮಕ್ಕಳು ಹೊರಗೆ ಬರುತ್ತಿದ್ದವು. ಆಗಿನ ಮಲೇರಿಯಾ ಕೆಲಸವೆಂದರೆ ಬೆರಳಿಗೆ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ, ಒಣಗಿಸಿ, ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಕಳಿಸುವುದು. ಫಲಿತಾಂಶ ಬರುವಷ್ಟರಲ್ಲಿ ಜ್ವರದವನು ಗುಣವಾಗಿ ಜೇನು ಕೀಳಲು ಹೋಗಿರುತ್ತಿದ್ದ. ಈಗ ನೀವು ಅಲ್ಲೇ ಒಂದು ಪಟ್ಟಿಯಲ್ಲಿ ನೋಡಿ, ಫೋನಿನಲ್ಲಿ ಒತ್ತಿ, ಅರೆಗಳಿಗೆಯಲ್ಲಿ ಜಿಲ್ಲೆಗೇ ತಿಳಿಸುತ್ತೀರಿ. ನನಗೆ ಅದನ್ನು ಕಂಡರೆ ಹೊಟ್ಟೆಕಿಚ್ಚಿಲ್ಲ, ಸಂತೋಷವೇ. ಆದರೆ ಫೋನು ಹೇಳುವುದು ಜನ ಹೇಳಿದ್ದನ್ನು ಮಾತ್ರ. ಜನ ಮುಚ್ಚಿಟ್ಟರೆ ಅದೂ ಬಾಯಿ ಮುಚ್ಚುತ್ತದೆ. ಇದು ನನಗೆ ತಿಳಿದದ್ದು ನನ್ನ ಹುಟ್ಟೂರಿನಲ್ಲಿ, ಮಂಗನ ಕಾಯಿಲೆಯ ಬೇಸಿಗೆಯಲ್ಲಿ.

ಅದನ್ನು ಹೇಳುವ ಮೊದಲು ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ನಮ್ಮವರಲ್ಲಿ ಕೋತಿಯೋ ಕರಿಮೂತಿಯ ಮುಸುವವೋ ಊರೊಳಗೆ ಸತ್ತರೆ ಪ್ರಾಣಿ ಸತ್ತಿತು ಎನ್ನುವುದಿಲ್ಲ. ದೇವರು ತೀರಿಕೊಂಡರು ಎನ್ನುತ್ತಾರೆ. ಅರಿಶಿನದ ನೀರಿನಲ್ಲಿ ಸ್ನಾನ ಮಾಡಿಸಿ, ಹಣೆಗೆ ಕುಂಕುಮವಿಟ್ಟು, ಹೊಸ ಟವೆಲು ಹೊದಿಸಿ, ಬಿದಿರಿನ ಚಟ್ಟದ ಮೇಲೆ ಕೂರಿಸಿ, ತಮಟೆ ಬಡಿಸಿಕೊಂಡು ಊರು ಸುತ್ತಿಸಿ ಮಣ್ಣು ಮಾಡುತ್ತಾರೆ. ಹನ್ನೊಂದನೆಯ ದಿನ ತಿಥಿ, ವಡೆ, ಪಾಯಸ. ಮನುಷ್ಯರ ತಿಥಿಯಲ್ಲಿ ಜಗಳವಾದದ್ದು ಎಷ್ಟೋ ನೋಡಿದ್ದೇನೆ, ಮಂಗನ ತಿಥಿಯಲ್ಲಿ ಒಮ್ಮೆಯೂ ನೋಡಿಲ್ಲ. ಚಿಕ್ಕವಳಿದ್ದಾಗ ನಾನೂ ಲಂಗದಲ್ಲಿ ಹೂ ತುಂಬಿಕೊಂಡು ಆ ಮೆರವಣಿಗೆಯ ಹಿಂದೆ ಓಡಿದವಳೇ.

ಸ್ನಾನ ಮಾಡಿಸುವ ಕೆಲಸ ಮಾದೇವಣ್ಣನದು. ಮಾದೇವಣ್ಣ ನನ್ನ ದೊಡ್ಡಪ್ಪನ ಮಗ. ಮದುವೆ ಮಾಡಿಕೊಳ್ಳದೆ ತಾಯಿಯ ಜೊತೆ ಇದ್ದ. ಯಾರೂ ಅವನಿಗೆ ಆ ಕೆಲಸ ಒಪ್ಪಿಸಿರಲಿಲ್ಲ, ಭಕ್ತಿಯಿಂದ ತಾನೇ ವಹಿಸಿಕೊಂಡಿದ್ದ. ಸತ್ತ ಮಂಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ, ಬಾಲದ ತುದಿಯವರೆಗೆ ತಿಕ್ಕಿ ತೊಳೆಯುತ್ತಿದ್ದ. "ನಿನ್ನ ಎಮ್ಮೆಗೂ ಒಂದಿನ ಹಿಂಗೆ ಮೈತೊಳಿಯಪ್ಪಾ" ಎಂದು ಹೆಂಗಸರು ಕಾಡಿಸುತ್ತಿದ್ದರು. ಅವನ ತಾಯಿ, ನನ್ನ ದೊಡ್ಡವ್ವ, ನಗುತ್ತಿರಲಿಲ್ಲ. ಆಕೆಗೆ ಸಾವಿನ ವಿಷಯದಲ್ಲಿ ತಮಾಷೆ ಸೇರುತ್ತಿರಲಿಲ್ಲ. ದೊಡ್ಡಪ್ಪ ಒಂದು ಮಳೆಗಾಲದಲ್ಲಿ ಹರಿಗೋಲು ಮಗುಚಿ ಕಬಿನಿಯಲ್ಲಿ ಹೋದವರು.

ಮಂಗನ ಕಾಯಿಲೆಯನ್ನು ಹರಡುವುದು ನಿಜವಾಗಿ ಮಂಗನಲ್ಲ, ಉಣ್ಣೆ. ಕಾಡಿನ ಉಣ್ಣೆ ಮಂಗನಿಗೂ ಕಚ್ಚುತ್ತದೆ, ಮನುಷ್ಯನಿಗೂ ಕಚ್ಚುತ್ತದೆ. ಕಾಯಿಲೆಯಿಂದ ಮಂಗ ಸತ್ತು ಮೈ ತಣ್ಣಗಾದ ಮೇಲೆ ಉಣ್ಣೆಗಳು ಅದನ್ನು ಬಿಟ್ಟಿಳಿದು ಬೇರೆ ಬಿಸಿ ಮೈ ಹುಡುಕುತ್ತವೆ. ಆ ಹೊತ್ತಿಗೆ ಎಲ್ಲಕ್ಕಿಂತ ಹತ್ತಿರ ಇರುವುದು ಅದಕ್ಕೆ ಸ್ನಾನ ಮಾಡಿಸುವವನ ಮೈ. ನಾನು ತರಬೇತಿಯಲ್ಲಿ ಇದನ್ನು ಕೇಳಿಸಿಕೊಂಡಾಗ ಕಣ್ಣಮುಂದೆ ಬಂದದ್ದು ಮಾದೇವಣ್ಣನ ತೊಡೆ.

ಆ ಬೇಸಿಗೆ ಕಾಡಿನ ಕಾಲೊನಿಗಳಲ್ಲಿ ಜ್ವರ ಶುರುವಾಯಿತು. ಇದ್ದಕ್ಕಿದ್ದಂತೆ ಚಳಿ, ಸಿಡಿಯುವ ತಲೆನೋವು, ಕೆಂಪಾದ ಕಣ್ಣು. ಹೊಳೆಯಾಚೆ ಈಚೆ ಎರಡೂ ಕಡೆ ಮುಸುವಗಳು ಮರದಿಂದ ಉದುರುತ್ತಿದ್ದ ಸುದ್ದಿ ಬಂತು. ಆಗ ನಾನು ಕೊಳವಳ್ಳಿಯ ಉಪಕೇಂದ್ರಕ್ಕೇ ವರ್ಗವಾಗಿ ಬಂದಿದ್ದೆ. ಲಸಿಕೆ ಹಾಕುತ್ತಿದ್ದೆವು. ಆ ಸೂಜಿಯ ಉರಿ ಎಂಥದ್ದೆಂದರೆ, ಒಮ್ಮೆ ಹಾಕಿಸಿಕೊಂಡವರು ನನ್ನನ್ನು ಕಂಡರೆ ಗದ್ದೆಯ ಆಚೆ ಬದುವಿನಿಂದ ಹೋಗುತ್ತಿದ್ದರು. ಮಾದೇವಣ್ಣ ಒಮ್ಮೆಯೂ ಹಾಕಿಸಿಕೊಳ್ಳಲಿಲ್ಲ.

ನಮ್ಮೂರಿನಲ್ಲಿ ಮೊದಲ ಮುಸುವ ಬಿದ್ದ ದಿನ ನಾನು ಲಸಿಕೆ ತರಲು ಪುಲ್ಪಳ್ಳಿಗೆ ಹೋಗಿದ್ದೆ. ಸುದ್ದಿ ತಿಳಿದು ಹೊಸ ಡಾಕ್ಟರು ನೇರವಾಗಿ ಊರಿಗೇ ಹೋದರು. ಸಮುದ್ರ ತೀರದ ಪೇಟೆಯವರು, ಚುರುಕಿನ ಹುಡುಗ, ಕಾಡಿನೂರು ಅವರಿಗೆ ಹೊಸದು. ಅಷ್ಟರಲ್ಲಿ ಹೆಂಗಸರು ದೂರದಿಂದಲೇ ಹೂ ಎಸೆದು ಕೈಮುಗಿದಿದ್ದರು, ಮಾದೇವಣ್ಣ ಅರಿಶಿನದ ನೀರು ತರಲು ಹೊರಟಿದ್ದ. ಡಾಕ್ಟರ ಜೊತೆಗಿದ್ದವರು ಮೈಮುಚ್ಚುವ ನಿಲುವಂಗಿ ಹಾಕಿಕೊಂಡು, ಯಾರಿಗೂ ಒಂದು ಮಾತೂ ಹೇಳದೆ, ಹಳೆಯ ಟೈರು ಹೇರಿ ಸೀಮೆಎಣ್ಣೆ ಸುರಿದು ಎಲ್ಲರ ಕಣ್ಣೆದುರೇ ಬೆಂಕಿ ಕೊಟ್ಟರು.

ವಿಜ್ಞಾನದ ಪ್ರಕಾರ ಸುಟ್ಟದ್ದು ಸರಿ. ಸುಡಲೇಬೇಕಿತ್ತು. ಆದರೆ ನಾನು ಬಸ್ಸಿಳಿದಾಗ ಊರಿಗೂರೇ ಸುಟ್ಟ ರಬ್ಬರಿನ ವಾಸನೆ. ದೊಡ್ಡವ್ವ ಬೀದಿಯಲ್ಲಿ ನಿಂತು ಡಾಕ್ಟರ ಜೀಪು ಹೋದ ದಿಕ್ಕಿಗೆ ಮಣ್ಣು ತೂರುತ್ತಿದ್ದಳು.

"ಜಯಾ, ದ್ಯಾವ್ರನ್ನ ಟೈರ್ ಹಾಕ್ಬುಟ್ಟು ಸುಟ್ರಲ್ಲವ್ವ ನಿಮ್ಮೋರು. ಹೂವ ಇನ್ನೂ ಬಾಡಿರ್ನಿಲ್ಲ" ಎಂದಳು.

ಆಮೇಲೆ ಕೊಳವಳ್ಳಿಯಿಂದ ಸತ್ತ ಮಂಗನ ಸುದ್ದಿಯೇ ಇಲ್ಲ. ಸುತ್ತಲಿನ ಕಾಡಿನಲ್ಲೆಲ್ಲ ಸಾಯುತ್ತಿವೆ, ನಮ್ಮೂರಲ್ಲಿ ಮಾತ್ರ ಒಂದೂ ಸಾಯುವುದಿಲ್ಲ. ಡಾಕ್ಟರಿಗೆ ಸಂತೋಷ. ನನಗೆ ನಂಬಿಕೆ ಬರಲಿಲ್ಲ. ಒಂದು ಬೆಳಿಗ್ಗೆ ದೊಡ್ಡವ್ವನ ಮನೆಗೆ ಹೋದಾಗ ಮಾದೇವಣ್ಣ ಚಹಾ ತಂದುಕೊಟ್ಟ. ಲೋಟ ಹಿಡಿದ ಅವನ ಅಂಗೈ, ಉಗುರು ಎಲ್ಲ ಹಳದಿ. ಊರಲ್ಲಿ ಮದುವೆಯಿಲ್ಲ, ಹಬ್ಬವಿಲ್ಲ.

"ಏನಣ್ಣಾ ಅರಿಶಿನ?" ಎಂದೆ.

"ಏನೂ ಇಲ್ಲ ಕಣವ್ವ, ಕೊಯ್ದಿದ್ದ ಅರಿಶಿನ ಬೇಯಿಸ್ತಿದ್ದೆ" ಎಂದು ನಕ್ಕು ಹಿತ್ತಲಿಗೆ ಹೋದ. ಅವರು ಆ ವರ್ಷ ಅರಿಶಿನ ಹಾಕಿರಲೇ ಇಲ್ಲ.

ನಾನು ಪೌಲೋಸ್ ಸಾರ್‌ಗೆ ಹೇಳಿದೆ. ಅವರು ಕೊಡೆಯನ್ನು ನೆಲಕ್ಕೂರಿ ನಿಂತರು. "ಮುಚ್ಚಿಡುವುದನ್ನು ಅವರಿಗೆ ಕಲಿಸಿದವರು ನಾವೇ ಜಯಾ" ಎಂದರು. ನಾಳೆ ಇಬ್ಬರೂ ಹೋಗಿ ಕೂತು ಮಾತಾಡೋಣ ಎಂದು ನಿಶ್ಚಯಿಸಿದೆವು. ಜ್ವರ ನಮಗಿಂತ ಮೊದಲೇ ಆ ಮನೆ ಸೇರಿತ್ತು.

ಮಾರನೆಯ ದಿನ ಮಾದೇವಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕಣ್ಣು ಕೆಂಡದಂತೆ. ವಸಡಿನಿಂದ ರಕ್ತ ಜಿನುಗುತ್ತಿತ್ತು. "ಬರೀ ಪನಿ ಕಣವ್ವ. ಆಶುಪತ್ರಿ ಬ್ಯಾಡ. ಅಲ್ಲಿಗ್ ಬಂದ್ರೆ ಎಲ್ಲಿ ಮಣ್ಣು ಮಾಡ್ದೆ ಅಂತ ಕೇಳ್ತಾರೆ. ಅಗ್ದು ತಗ್ದು ಟೈರ್ ಹಾಕ್ತಾರೆ" ಎಂದ. ಪನಿ ಎಂದರೆ ಜ್ವರ, ನಮ್ಮೂರ ಕನ್ನಡದಲ್ಲಿ ಆ ಮಲಯಾಳದ ಮಾತು ಎಂದೋ ಸೇರಿಹೋಗಿದೆ. ತಡಮಾಡಿದರೆ ಇವನು ಉಳಿಯುವುದಿಲ್ಲ. ಅವನ ಜೊತೆ ನಿಂತು ಮಣ್ಣು ಹಾಕಿದವರು ಯಾರೆಂದು ತಿಳಿಯದಿದ್ದರೆ ಅವರೂ ಎಲ್ಲೋ ಹೀಗೇ ಗೋಡೆ ನೋಡುತ್ತ ಮಲಗುತ್ತಾರೆ.

ದೊಡ್ಡವ್ವ ಬಾಗಿಲಲ್ಲಿ ಕೂತಿದ್ದಳು. ನಾನು ಅವಳ ಪಕ್ಕ ಕೂತೆ. ಆಕೆಯೇ ಬಾಯಿ ತೆರೆದಳು.

"ಕರ್ಕೊಂಡೋಗು. ಯಾರ್ಯಾರು ಇದ್ರು ಅಂತ್ಲೂ ಯೋಳ್ತೀನಿ. ಹಿತ್ಲಲ್ಲಿ ಹಲಸಿನ ಮರದ ಬುಡದಲ್ಲಿ ಅವ್ರೆ ದ್ಯಾವ್ರು. ಅಗಿಯಲ್ಲ ಅಂತ ನಿನ್ ಬಾಯಲ್ಲಿ ಯೋಳು."

"ಅಗೆಯುವುದಿಲ್ಲ ದೊಡ್ಡವ್ವಾ" ಎಂದೆ. ಹಾಗೆ ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ಪೌಲೋಸ್ ಸಾರ್ ಮುಂದೆ ಬಂದು "ನಾನೂ ಹೇಳುತ್ತೇನೆ, ಅಗೆಯುವುದಿಲ್ಲ" ಎಂದರು. ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ, ಕೆಲಸ ಹೋದರೂ ಹೋಗಲಿ ಎಂಬಂತೆ. ಆ ಒಂದು ಮಾತಿಗೆ ನಾನು ಅವರಿಗೆ ಎಷ್ಟು ನಮಸ್ಕಾರ ಮಾಡಿದರೂ ಸಾಲದು.

ಮಾದೇವಣ್ಣನನ್ನು ಗಾಡಿಗೆ ಹತ್ತಿಸಿ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಡಾಕ್ಟರಿಗೆ ಎಲ್ಲ ಹೇಳಿದೆ. ರೇಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಿಳಿಚಿಕೊಂಡಿತು. "ಅವತ್ತು ಯಾರೂ ನನಗೆ ಹೇಳಲಿಲ್ಲ ಸಿಸ್ಟರ್" ಎಂದರು. "ನೀವು ಯಾರನ್ನೂ ಕೇಳಲಿಲ್ಲ ಸಾರ್" ಎಂದೆ. ನನ್ನ ನಾಲಿಗೆ ಹಾಗೇ, ಎಷ್ಟೋ ಸಲ ತೊಂದರೆಗೆ ಸಿಕ್ಕಿಸಿದೆ. ಆವತ್ತು ಸಿಕ್ಕಿಸಲಿಲ್ಲ. ಹಲಸಿನ ಮರದ ಬುಡ ಅಗೆಯದೆ, ಸುತ್ತ ಔಷಧಿ ಪುಡಿ ಎರಚಿ, ಬೇಲಿ ಕಟ್ಟಿ, ಆ ಕಡೆ ಯಾರೂ ಕಾಲಿಡಬೇಡಿ ಎಂದು ಹೇಳಿ ಬಂದರು. ದೊಡ್ಡವ್ವ ಹೇಳಿದ ಹೆಸರಿನವರ ಮನೆಗಳಿಗೆ ದಿನವೂ ಹೋದೆ. ಇಬ್ಬರಿಗೆ ಜ್ವರ ಬಂತು. ಬೇಗ ತಿಳಿದದ್ದರಿಂದ ಬೇಗ ಎದ್ದರು.

ಮಾದೇವಣ್ಣನ ಜ್ವರ ಒಮ್ಮೆ ಇಳಿಯಿತು. ದೊಡ್ಡವ್ವ ಮನೆದೇವರಿಗೆ ಕಾಯಿ ಒಡೆದಳು. ಆದರೆ ಈ ಕಾಯಿಲೆ ಕೆಲವರಲ್ಲಿ ಇಳಿದಂತೆ ಮಾಡಿ ಮತ್ತೆ ಬರುತ್ತದೆ. ಎರಡನೆಯ ಸಲ ಬಂದಾಗ ಅವನಿಗೆ ಮಾತು ತೊದಲಿತು, ಕೈ ನಡುಗತೊಡಗಿತು, ನನ್ನನ್ನು ಯಾರೋ ಎಂಬಂತೆ ನೋಡಿದ. ಕೈಗೆ ನೀರಿನ ಲೋಟ ಕೊಟ್ಟರೆ ಅರ್ಧ ಎದೆಯ ಮೇಲೆ ಚೆಲ್ಲುತ್ತಿತ್ತು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಅವನು ಅಲ್ಲಿ ಹಾಗೆ ಮಲಗಿದ್ದಾಗಲೇ ಊರಲ್ಲಿ ಇನ್ನೊಂದು ಮುಸುವ ಬಿತ್ತು. ಸಿದ್ದೇಗೌಡರ ಗದ್ದೆಯ ಅಂಚಿನಲ್ಲಿ. ಸಿದ್ದೇಗೌಡರು ಊರಿನ ಯಜಮಾನರು, ನಾನು ಮಾವ ಎಂದು ಕರೆಯುತ್ತಿದ್ದೆ. ದೊಡ್ಡವ್ವ ಸೀರೆ ಎತ್ತಿಕಟ್ಟಿಕೊಂಡು ಉಪಕೇಂದ್ರಕ್ಕೆ ನಡೆದು ಬಂದು ಹೇಳಿದಳು, "ಬಾ ಜಯಾ. ಯಾರೂ ಮುಟ್ಟಿಲ್ಲ. ಮುಟ್ಟದ್ಕೆ ಮೊದ್ಲು ಬಾ." ನಾನು ಡಾಕ್ಟರಿಗೂ ಪೌಲೋಸ್ ಸಾರ್‌ಗೂ ಫೋನು ಮಾಡಿ ಓಡಿದೆ.

ಊರವರೆಲ್ಲ ಗದ್ದೆಯ ಮೇಲಿನ ದಾರಿಯಲ್ಲಿ ಸೇರಿದ್ದರು. ತಮಟೆಯವನೂ ಬಂದಿದ್ದ. ಸಿದ್ದೇಗೌಡರು ನನ್ನನ್ನು ಕಂಡೊಡನೆ ಕೈ ಅಡ್ಡ ಮಾಡಿದರು.

"ನೋಡವ್ವ, ನೀನು ನಮ್ಮ ಮನೆಮಗಳು. ನಿನ್ ಮ್ಯಾಲೆ ಸಿಟ್ಟಿಲ್ಲ. ಆದ್ರೆ ಮಣ್ಣು ಕೊಡ್ದೆ ಬುಡಕ್ಕಿಲ್ಲ. ಕಸ ಸುಟ್ಟಂಗೆ ಸುಡಕ್ಕೆ ಬುಡಕ್ಕಿಲ್ಲ."

"ಮಾವಾ, ಮಾದೇವಣ್ಣನ್ನ ನೋಡ್ಕಂಡು ಬನ್ನಿ. ಅವನ ಕೈಲಿ ಲೋಟ ನಿಲ್ತಿಲ್ಲ. ಈಗ ಇದನ್ನ ತೊಳಿಯೋರು ಯಾರು? ನಿಮ್ಮ ಮಗನಾ?" ಎಂದೆ.

"ದ್ಯಾವ್ರ ಸೇವೆ ಮಾಡ್ದೋರ್ಗೆ ದ್ಯಾವ್ರು ಕೇಡು ಮಾಡ್ತಾರಾ?" ಎಂದು ಯಾರೋ ಕೂಗಿದರು. ಮಾತು ಬೆಳೆಯಿತು. ಡಾಕ್ಟರ ಜೀಪು ಬಂದು ನಿಂತಾಗ ಜನ ಇನ್ನೂ ಬಿಗಿಯಾದರು. ಡಾಕ್ಟರು ಮಾತ್ರ ಈ ಸಲ ಟೈರು ತಂದಿರಲಿಲ್ಲ. ಇಳಿದು, ದೂರದಲ್ಲಿ ತಲೆ ತಗ್ಗಿಸಿ ನಿಂತರು.

ಆಗ ದೊಡ್ಡವ್ವ ಮುಂದೆ ಬಂದಳು. ಸಿದ್ದೇಗೌಡರನ್ನು ನೋಡಿ ಮೆಲ್ಲಗೆ ಕೇಳಿದಳು.

"ನಮ್ಮೆಜಮಾನ್ರು ಹೊಳೇಲಿ ಹೋದಾಗ ನೀನಿದ್ಯಲ್ಲ ಸಿದ್ದಪ್ಪ?"

"ಇದ್ದೆ ಕಣತ್ಗೆ."

"ಹೊಳೆ ನಂಗೆ ಹೆಣ ಕೊಡ್ಲಿಲ್ಲ. ದಿನಾ ದಂಡೇಲಿ ಕುಂತು ಕಾಯ್ದೆ. ಆಮ್ಯಾಲೆ ನೀವೆಲ್ಲ ಸೇರ್ಕಂಡು ಹುಲ್ಲಲ್ಲಿ ಒಂದು ಬೊಂಬೆ ಕಟ್ಟುದ್ರಿ. ಅದ್ಕೆ ಅವ್ರ ಪಂಚೆ ಉಡ್ಸುದ್ರಿ. ಸ್ನಾನ ಮಾಡ್ಸುದ್ರಿ, ಬಾಯ್ಗೆ ನೀರ್ ಬುಟ್ರಿ, ಮಣ್ಣು ಮಾಡುದ್ರಿ. ಅವ್ರಿಗೆ ಮುಟ್ತದೆ ಅತ್ಗೆ, ಅಳಬ್ಯಾಡಿ ಅಂತ ನೀನೇ ಅಂದೆ. ಅವತ್ತು ನನ್ನ ಸಮಾಧಾನಕ್ಕೆ ಸುಳ್ಳು ಯೋಳಿದ್ಯಾ?"

ಸಿದ್ದೇಗೌಡರು ಹೇಳುವುದಕ್ಕೆ ಏನಿತ್ತು? ಹುಲ್ಲಿನ ಬೊಂಬೆಗೆ ಕೊಟ್ಟ ಮಣ್ಣು ದೇವರಿಗೆ ಮುಟ್ಟುವುದಿಲ್ಲ ಎಂದರೆ ನನ್ನ ದೊಡ್ಡಪ್ಪ ಇನ್ನೂ ಆ ನೀರಿನಲ್ಲೇ ಅಲೆಯುತ್ತಿದ್ದಾರೆ ಎಂದು ಅವರ ಹೆಂಡತಿಯ ಮುಖಕ್ಕೇ ಹೇಳಿದಂತೆ.

"ಇಲ್ಲ ಅತ್ಗೆ. ಸುಳ್ಳು ಯೋಳ್ಲಿಲ್ಲ" ಎಂದರು. ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು. ಆಮೇಲೆ ಹಿಂದೆ ತಿರುಗಿ ಕೂಗಿದರು, "ಯಾರಾದ್ರೂ ಹೋಗ್ರೋ, ಕಣದಿಂದ ಒಳ್ಳೇ ಹುಲ್ಲು ತಕ್ಕಬನ್ನಿ. ಉದ್ದಂದು ತನ್ನಿ, ಬಾಲಕ್ಕೆ ಬೇಕು."

ಅರ್ಧ ಊರು ಬೊಂಬೆ ಕಟ್ಟಲು ಕೂತಿತು. ಮುಖಕ್ಕೆ ಒಲೆಯ ಮಸಿ ಬಳಿದು ಕರಿಮೂತಿ ಮಾಡಿದರು. ಬಾಲ ಗಿಡ್ಡವಾಯಿತು, ಇನ್ನೂ ಉದ್ದ ಬೇಕು ಎಂದು ಹೆಂಗಸರಲ್ಲಿ ವಾದ. ಅರಿಶಿನದ ನೀರು, ಕುಂಕುಮ, ಹೊಸ ಟವೆಲು, ಯಾವುದನ್ನೂ ಬಿಡಲಿಲ್ಲ. ಆ ಕಡೆ ಗದ್ದೆಯಂಚಿನಲ್ಲಿ ನಮ್ಮ ಇಲಾಖೆಯವರು ನಿಲುವಂಗಿ ತೊಟ್ಟು, ಪರೀಕ್ಷೆಗೆ ಬೇಕಾದ್ದನ್ನು ಪಶುವೈದ್ಯರು ತೆಗೆದುಕೊಂಡ ಮೇಲೆ, ಒಣ ಸೌದೆ ಜೋಡಿಸಿದರು. ಬೆಂಕಿ ಕೊಡುವ ಮೊದಲು ನಿಂತು ಕೈಮುಗಿದರು. ಯಾರೂ ಅವರಿಗೆ ಹಾಗೆ ಮಾಡಿ ಎಂದು ಹೇಳಿರಲಿಲ್ಲ.

ಡಾಕ್ಟರು ಅದನ್ನು ನೋಡಿ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು. ನಾನು ಗಾಬರಿಯಿಂದ ಕೂಗಿದೆ, "ಸಾರ್! ಬೂಟು ಬಿಚ್ಚಬೇಡಿ, ಉಣ್ಣೆ!" ಅವರಿಗೆ ನಾಚಿಕೆಯಾಯಿತು. "ದೇವರ ಎದುರಿಗೆ ಬೂಟು ಹಾಕಿಕೊಂಡು ಹೇಗೆ ನಿಲ್ಲುವುದು ಸಿಸ್ಟರ್?" ಎಂದರು. ನಾನು ಅದನ್ನು ಕನ್ನಡದಲ್ಲಿ ದೊಡ್ಡವ್ವನಿಗೆ ಹೇಳಿದೆ. ಮಣ್ಣು ತೂರಿದ್ದ ಆ ಕೈಯಿಂದಲೇ ದೊಡ್ಡವ್ವ ಅವರಿಗೆ ಒಂದು ಹಿಡಿ ಹೂ ಕೊಟ್ಟಳು.

"ಬೂಟ್ ಹಾಕ್ಕಂಡೇ ನಿಂತ್ಕಳಪ್ಪ. ದ್ಯಾವ್ರಿಗೆ ತಿಳೀತದೆ" ಎಂದಳು.

ಅವರು ದೂರದಿಂದಲೇ ಹೂ ಎಸೆದರು. ತಪ್ಪು ಮಾಡಿದ ಊರಿಗೆ ಮತ್ತೆ ಬಂದು ನಿಲ್ಲುವ ಅಧಿಕಾರಿಗಳು ಕಡಿಮೆ. ಅವರು ಬಂದರು. ನಾನು ಕಂಡ ಮೇಲಧಿಕಾರಿಗಳಲ್ಲಿ ಅವರನ್ನು ಪ್ರೀತಿಯಿಂದ ನೆನೆಯುತ್ತೇನೆ.

ಮಾದೇವಣ್ಣ ಉಳಿದ. ಎಷ್ಟೋ ವಾರಗಳ ಮೇಲೆ ಮನೆಗೆ ಬಂದ. ಒಣಗಿ ಕಡ್ಡಿಯಾಗಿದ್ದ. ಮಾತು ತಿಳಿಯಾಯಿತು, ನನ್ನ ಗುರುತು ಹತ್ತಿತು, ಬಲಗೈಯ ನಡುಕ ಮಾತ್ರ ಪೂರ್ತಿ ಹೋಗಲಿಲ್ಲ. ತಾನಿಲ್ಲದಾಗ ನಡೆದದ್ದನ್ನು ಕೇಳಿ, "ಬಾಲ ಸರ್ಯಾಗಿ ಕಟ್ಟಿದ್ರಾ?" ಎಂದು ಮೊದಲು ವಿಚಾರಿಸಿದ. ಮುಂದಿನ ವರ್ಷದಿಂದ ಬೊಂಬೆ ಕಟ್ಟುವ ಕೆಲಸ ಅವನದೇ ಆಯಿತು. ನಡುಗುವ ಕೈಗೆ ಗಂಟು ಬೀಳುತ್ತಿರಲಿಲ್ಲ. ಅವನು ಹುಲ್ಲು ಮಡಿಸಿ ಹಿಡಿಯುವುದು, ದೊಡ್ಡವ್ವ ಗಂಟು ಹಾಕುವುದು. ತಾಯಿಮಗ ಜಗಲಿಯಲ್ಲಿ ಕೂತು ಹಾಗೆ ಕಟ್ಟುವುದನ್ನು ನೋಡುತ್ತ ಚಹಾ ಕುಡಿದ ಬೆಳಿಗ್ಗೆಗಳು ನನ್ನ ಸರ್ವಿಸಿನಲ್ಲಿ ನನಗೆ ಸಿಕ್ಕ ಬಹುಮಾನ. ಊರವರು ಲಸಿಕೆಯನ್ನೂ ಹಾಕಿಸಿಕೊಂಡರು, ನನಗೆ ಬಾಯ್ತುಂಬ ಬೈಯುತ್ತಲೇ. ಕಾಡಂಚಿನಲ್ಲಿ ಎಲ್ಲಿ ಮುಸುವ ಬಿದ್ದರೂ ಸುದ್ದಿ ಮೊದಲು ಬರುತ್ತಿದ್ದುದು ಕೊಳವಳ್ಳಿಯಿಂದ.

ದೊಡ್ಡವ್ವ ಈಗಿಲ್ಲ. ದೊಡ್ಡಪ್ಪನ ಹುಲ್ಲಿನ ಬೊಂಬೆಯನ್ನು ಮಣ್ಣು ಮಾಡಿದ ಜಾಗದ ಪಕ್ಕದಲ್ಲೇ ಅವಳನ್ನೂ ಮಲಗಿಸಿದೆವು.

ಮೊನ್ನೆ ನಾನು ತೃಶ್ಶಿಲೇರಿಯ ನಮ್ಮ ಮನೆಯ ಅಂಗಳದಲ್ಲಿ ಕಾಫಿ ಬೀಜ ಒಣಗಲು ಹರಡುತ್ತಿದ್ದೆ. ಫೋನು ಬಂತು. ತರಬೇತಿಯಲ್ಲಿ ಪ್ರಶ್ನೆ ಕೇಳಿದ ಆ ರಮ್ಯಾ. ಅವಳಿಗೆ ಕೊಳವಳ್ಳಿಯ ಉಪಕೇಂದ್ರವೇ ಸಿಕ್ಕಿದೆಯಂತೆ.

"ಚೇಚೀ, ಇಲ್ಲಿ ಒಂದು ಮಂಗ ಸತ್ತಿದೆ. ಊರವರೇ ಫೋನು ಮಾಡಿದರು. ಸುತ್ತ ಮುಳ್ಳು ಹಾಕಿ ಯಾರೂ ಹೋಗದ ಹಾಗೆ ಮಾಡಿದ್ದಾರೆ. ಹುಲ್ಲಿನ ಬೊಂಬೆಯೂ ತಯಾರಿದೆ. ಆದರೆ ಒಬ್ಬ ಅಜ್ಜ ಕೋಲು ಅಡ್ಡ ಹಿಡಿದು ನನ್ನನ್ನು ಒಳಗೆ ಬಿಡುತ್ತಿಲ್ಲ. ಅವರ ಕನ್ನಡ ನನಗೆ ತಿಳಿಯುವುದಿಲ್ಲ. ನಾನು ಚಹಾ ಕೂಡ ಕುಡಿದೆ ಚೇಚೀ!"

"ಕೊಡು ಅವರಿಗೆ" ಎಂದೆ.

ಫೋನು ಕೈ ಬದಲಾಯಿತು. ಆ ಕಡೆ ಕಿವಿಗೆ ತಾಗಿ ತಾಗಿ ಟಕಟಕ ಸದ್ದು. ಆ ನಡುಗುವ ಕೈ ಯಾರದೆಂದು ನನಗೆ ಗೊತ್ತಾಯಿತು.

"ಯಾರು, ಜಯನಾ? ಈ ಮಗೀಗೆ ವಸಿ ಯೋಳವ್ವ. ಪ್ಯಾಂಟು ಕಾಲ್ಚೀಲದೊಳ್ಗೆ ತುರುಕ್ಕಂಡಿಲ್ಲ. ಉಣ್ಣೆಗೆ ಎಣ್ಣೆ ಹಚ್ಕಂಡಿಲ್ಲ. ಅಂಗೇ ನುಗ್ತವಳೆ. ಯಾರ ಮನೆ ಮಗಳೋ ಏನೋ. ನಂಗಾದದ್ದು ಆಗ್ಬಾರ್ದು. ಕಾಲು ಮುಚ್ಕಳಗಂಟ ಬುಡಕ್ಕಿಲ್ಲ ನಾನು."

ರಮ್ಯಾಗೆ ಮಲಯಾಳದಲ್ಲಿ ಹೇಳಿದೆ. "ಶೆರಿ ಚೇಚೀ" ಎಂದಳು. ಅವಳು ಫೋನು ಆರಿಸಲು ಮರೆತಳು. ಮಾದೇವಣ್ಣ ಯಾರಿಗೋ ಬಾಲ ಎತ್ತಿ ಹಿಡೀರೋ ಎಂದು ಗದರುವುದು ಕೇಳಿಸಿತು. ಆಮೇಲೆ ತಮಟೆ ಶುರುವಾಯಿತು.

ನಮ್ಮ ಅಂಗಳದಲ್ಲಿ ಉಣ್ಣೆಯ ಭಯವಿಲ್ಲ. ನಾನು ಚಪ್ಪಲಿ ಬಿಟ್ಟು, ಫೋನನ್ನು ಕಾಫಿ ಬೀಜದ ಮೇಲಿಟ್ಟು, ತಮಟೆಯ ಸದ್ದು ದೂರವಾಗುವವರೆಗೂ ಕೈಮುಗಿದು ನಿಂತೆ.